ಆವೃತ ಗುಣ: ಬಾಯಿಪಾಠ ಸಾಲದು, ‘ಯಾಕೆ’ ಅಂತಲೂ ಹೇಳಿ

ಸಂಪಾದಕರೇ,

ನನ್ನ ಮಗಳು ಇಲ್ಲೇ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಅವಳ ನೋಟ್ಸಿನಲ್ಲಿ ‘ಬಹುಪದೋಕ್ತಿಗಳಿಗೆ ಆವೃತ ಗುಣವಿದೆ’ ಅಂತ ಒಂದೇ ಸಾಲು. ಬಹುಪದೋಕ್ತಿ ಅಂದರೆ ‘ಎಕ್ಸ್ ವರ್ಗ ಪ್ಲಸ್ 3 ಎಕ್ಸ್ ಪ್ಲಸ್ 2’ ಥರದ್ದು, ಅದರಲ್ಲಿ ಎಕ್ಸ್‌ನ ಘಾತ (ಎಕ್ಸ್‌ನ ತಲೆಯ ಮೇಲೆ ಬರೆಯುವ ಸಂಖ್ಯೆ) 0, 1, 2 ಹೀಗೆಯೇ ಇರಬೇಕು. ಆವೃತ ಗುಣ ಅಂದರೆ ಒಂದು ಗುಂಪಿನ ಯಾವ ಎರಡನ್ನು ತೆಗೆದುಕೊಂಡು ಕೂಡುವುದೋ ಗುಣಿಸುವುದೋ ಇಂಥ ಒಂದು ಕ್ರಿಯೆ ಮಾಡಿದರೂ ಉತ್ತರ ಅದೇ ಗುಂಪಿನೊಳಗೆ ಇರುವುದು. ನೋಟ್ಸಿನಲ್ಲಿ ಯಾವ ಕ್ರಿಯೆಗೆ, ಯಾಕೆ, ಏನೂ ಇಲ್ಲ. ಸುಮ್ನೆ ಬಾಯಿಪಾಠ. ನೋಡಿ ಬೇಸರವಾಯಿತು.

ಎರಡು ಬಹುಪದೋಕ್ತಿಗಳನ್ನು ಕೂಡಿಸಿ, ಕಳೆಯಿರಿ, ಗುಣಿಸಿ, ಬರುವುದು ಬಹುಪದೋಕ್ತಿಯೇ. ಕೂಡುವಾಗ, ಕಳೆಯುವಾಗ ಸಹಗುಣಕಗಳು (ಎಕ್ಸ್‌ಗೆ ಗುಣಿಸಿರುವ ಸಂಖ್ಯೆಗಳು) ಮಾತ್ರ ಬದಲಾಗುತ್ತವೆ, ಗುಣಿಸುವಾಗ ಘಾತಗಳು ಕೂಡಿಕೊಳ್ಳುತ್ತವೆ, 2ಕ್ಕೆ 3 ಸೇರಿದರೆ 5, ಅಲ್ಲಿ ಋಣ ಘಾತವಾಗಲಿ ಭಿನ್ನರಾಶಿ ಘಾತವಾಗಲಿ ಹುಟ್ಟುವ ದಾರಿಯೇ ಇಲ್ಲ, ಅಲ್ವಾ? ಭಾಗಿಸುವಾಗ ಘಾತ ಕಳೆಯಬೇಕು. ಎಕ್ಸ್ ಅನ್ನು ಎಕ್ಸ್ ವರ್ಗದಿಂದ ಭಾಗಿಸಿದರೆ ಘಾತ ಮೈನಸ್ 1. ಅದು ಬಹುಪದೋಕ್ತಿ ಅಲ್ಲ. ಎಕ್ಸ್ ವರ್ಗವನ್ನು ಎಕ್ಸ್‌ನಿಂದ ಭಾಗಿಸಿದರೆ ಸರಿಯಾಗಿ ಬರುತ್ತದೆ ನಿಜ, ಆದರೆ ಒಮ್ಮೆ ಬಂದರೆ ಸಾಲದು, ಪ್ರತಿ ಸಲವೂ ಬರಬೇಕು. ಪೂರ್ಣಾಂಕಗಳ ಕಥೆಯೂ ಇದೇ. 6ನ್ನು 3ರಿಂದ ಭಾಗಿಸಬಹುದು, 7ನ್ನು 2ರಿಂದ ಭಾಗಿಸಿದರೆ ಪೂರ್ಣಾಂಕ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಅವಳೇ ಕೇಳಿದಳು, ಅತಿ ದೊಡ್ಡ ಘಾತ 2 ಇರುವವುಗಳದ್ದೇ ಒಂದು ಗುಂಪು ಮಾಡಿದರೆ? ಎಕ್ಸ್ ವರ್ಗಕ್ಕೆ ‘ಮೈನಸ್ ಎಕ್ಸ್ ವರ್ಗ ಪ್ಲಸ್ ಎಕ್ಸ್’ ಕೂಡಿಸಿ ನೋಡಿದೆವು. ಉಳಿದದ್ದು ಬರೀ ಎಕ್ಸ್! ಆ ಗುಂಪು ಸಂಕಲನಕ್ಕೇ ಆವೃತವಲ್ಲ. ಎಷ್ಟು ಚಂದದ ಪ್ರಶ್ನೆ ಕೇಳಿದಳು, ಕ್ಲಾಸಿನಲ್ಲಿ ಅದಕ್ಕೆ ಜಾಗ ಸಿಗಬೇಕಿತ್ತು.

ಕಾಸರಗೋಡಿನ ಕನ್ನಡ ಮಕ್ಕಳು ಓದುವುದು ಕೇರಳದ ಪಠ್ಯ. ವಾರಕ್ಕೊಮ್ಮೆ ಅರ್ಧ ಪುಟ ಕೊಟ್ಟು, ಇಲ್ಲಿನ ಗಣಿತ ಮಾಸ್ಟ್ರು, ಟೀಚರುಗಳಿಂದ ಇಂಥದ್ದನ್ನು ಉದಾಹರಣೆ ಸಮೇತ ಬರೆಸಿ.

– ಒಬ್ಬ ತಾಯಿ, ಬದಿಯಡ್ಕ