ತೂಕ ಬಿಡಿ, ಫ್ಲಾರೆನ್ಸ್ ಪ್ಯೂ ಮಾಡಿದ ಕೆಲಸದ ಬಗ್ಗೆ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಸಿನಿಮಾ ಪುಟದಲ್ಲಿ ಇಂಗ್ಲೆಂಡಿನ ನಟಿ ಫ್ಲಾರೆನ್ಸ್ ಪ್ಯೂ ಬಗ್ಗೆ ಅರ್ಧ ಪುಟ ಬಂದಿತ್ತು. ಖುಷಿಯಿಂದಲೇ ಓದಲು ಕೂತೆ. ಅವಳ ಸಿನಿಮಾಗಳನ್ನು ನಾನೂ ನನ್ನ ಮಗಳೂ ಒಟ್ಟಿಗೆ ಕೂತು ನೋಡಿದ್ದೇವೆ. ಓದಿ ಮುಗಿಸುವಷ್ಟರಲ್ಲಿ ಮನಸ್ಸಿಗೆ ಬೇಜಾರಾಯಿತು. ಯಾವ ಸಮಾರಂಭಕ್ಕೆ ಯಾವ ಬಟ್ಟೆ ಹಾಕಿದ್ದಳು, ಕೂದಲು ಎಷ್ಟು ಗಿಡ್ಡ ಮಾಡಿಸಿದಳು, ಯಾರ ಜೊತೆ ಓಡಾಡುತ್ತಿದ್ದಾಳೆ, ಇಷ್ಟೇ. ಕೊನೆಗೆ 'ತುಸು ದಪ್ಪಗಿದ್ದರೂ ಗೆದ್ದ ಚೆಲುವೆ' ಅಂತ ಒಂದು ಸಾಲು. ಆ ಒಂದು ಸಾಲಿಗೋಸ್ಕರ ಈ ಪತ್ರ ಬರೆಯುತ್ತಿದ್ದೇನೆ.

ಅವಳು ನನ್ನ ಮಗಳಿಗಿಂತ ಕೆಲವೇ ವರ್ಷ ದೊಡ್ಡವಳು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ, ಸಲುಗೆಯಿಂದ.

ಹುಟ್ಟಿದ್ದು 1996ರ ಜನವರಿ 3ರಂದು, ಆಕ್ಸ್‌ಫರ್ಡ್‌ನಲ್ಲಿ. ಅಪ್ಪ ಅದೇ ಊರಲ್ಲಿ ಹೋಟೆಲು, ಕೆಫೆ ನಡೆಸುತ್ತಿದ್ದವರು, ಅಮ್ಮ ನೃತ್ಯ ಕಲಿತವರು. ಚಿಕ್ಕಂದಿನಲ್ಲಿ ಅವಳಿಗೆ ಶ್ವಾಸನಾಳದ ತೊಂದರೆ ಇತ್ತು, ಪದೇ ಪದೇ ಆಸ್ಪತ್ರೆ. ಬೆಚ್ಚಗಿನ ಹವೆ ಒಳ್ಳೆಯದು ಅಂತ ಮನೆಯವರೆಲ್ಲ ಸ್ಪೇನಿಗೆ ಹೋಗಿ ಮೂರು ವರ್ಷ ಇದ್ದರು, ಅವಳಿಗೆ ಆರು ವರ್ಷವಾದಾಗ ವಾಪಸ್ ಬಂದರು. ಈಗ ಎಲ್ಲರೂ ಮೆಚ್ಚುವ ಆ ಒಡೆದ ದನಿ ಬಂದದ್ದು ಆ ಕಾಯಿಲೆಯಿಂದ ಅಂತ ಅವಳೇ ಹೇಳಿಕೊಂಡಿದ್ದಾಳೆ.

ನಟನೆಗೆ ಅಂತ ಯಾವ ದೊಡ್ಡ ಶಾಲೆಗೂ ಹೋದವಳಲ್ಲ. ಇನ್ನೂ ಓದುತ್ತಿದ್ದಾಗಲೇ, 17ನೇ ವಯಸ್ಸಿಗೆ, ಕ್ಯಾರಲ್ ಮಾರ್ಲೆ ನಿರ್ದೇಶನದ 'ದಿ ಫಾಲಿಂಗ್' ಸಿಕ್ಕಿತು. 2014ರಲ್ಲಿ ಬಂದ ಸಿನಿಮಾ. 1969ರ ಒಂದು ಹೆಣ್ಣುಮಕ್ಕಳ ಶಾಲೆ, ಅಲ್ಲಿ ಒಬ್ಬರ ಹಿಂದೆ ಒಬ್ಬರು ಹುಡುಗಿಯರು ಮೂರ್ಛೆ ಹೋಗುತ್ತಾರೆ. ಮುಖ್ಯ ಪಾತ್ರ ಮೇಸಿ ವಿಲಿಯಮ್ಸ್ ಅವರದು, 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿ ನೋಡಿದವರಿಗೆಲ್ಲ ಆರ್ಯಾ ಅಂದರೆ ಗೊತ್ತಾಗುತ್ತದೆ. ಫ್ಲಾರೆನ್ಸ್ ಅವಳ ಗೆಳತಿ ಆ್ಯಬಿ. ಬೇಗ ಸತ್ತು ಹೋಗುವ ಪಾತ್ರ. ಆದರೆ ಅವಳು ಹೋದ ಮೇಲೂ ಕಣ್ಣು ಅವಳನ್ನೇ ಹುಡುಕುತ್ತಿರುತ್ತದೆ. ಕ್ಯಾಮೆರಾ ಮುಂದೆ ಮೊದಲ ಸಲ ನಿಂತ ಹುಡುಗಿ ಇವಳು ಅಂತ ನನಗೆ ನಂಬಲಿಕ್ಕೇ ಆಗಲಿಲ್ಲ.

ಇನ್ನು ನಿಮ್ಮ ಪುಟದಲ್ಲಿ ಬರಲೇಬೇಕಾಗಿದ್ದ, ಆದರೆ ಬಾರದ ವಿಷಯ. ಅದಾದ ಮೇಲೆ 19ನೇ ವಯಸ್ಸಿಗೆ ಅವಳಿಗೆ ಅಮೆರಿಕದಲ್ಲಿ ಒಂದು ಟಿವಿ ಧಾರಾವಾಹಿಯ ಪೈಲಟ್ ಸಿಕ್ಕಿತು, 'ಸ್ಟುಡಿಯೋ ಸಿಟಿ' ಅಂತ. ಪೈಲಟ್ ಅಂದರೆ ಚಾನೆಲ್‌ನವರು ಮೊದಲು ಒಂದೇ ಕಂತು ಮಾಡಿಸಿ ನೋಡುತ್ತಾರೆ, ಹಿಡಿಸಿದರೆ ಮಾತ್ರ ಮುಂದಿನದು. ಹಾಡುಗಾರ್ತಿಯ ಪಾತ್ರ. ಲಾಟರಿ ಹೊಡೆಯಿತು ಅಂದುಕೊಂಡು ಹೋದಳು. ಅಲ್ಲಿ ಅವರು ಬದಲಾಯಿಸಬೇಕು ಅಂದದ್ದು ಅವಳ ತೂಕವನ್ನು, ಮುಖದ ಆಕಾರವನ್ನು, ಕೊನೆಗೆ ಹುಬ್ಬನ್ನೂ. ನಾನು ದೊಡ್ಡ ತಪ್ಪು ಮಾಡಿಬಿಟ್ಟೆ ಅಂತ ಆಗ ಅನ್ನಿಸಿತು ಅಂತ ಎಷ್ಟೋ ವರ್ಷದ ಮೇಲೆ ಸಂದರ್ಶನದಲ್ಲಿ ಹೇಳಿದ್ದಾಳೆ. ಆ ಧಾರಾವಾಹಿಯನ್ನು ಚಾನೆಲ್ ಮುಂದುವರಿಸಲಿಲ್ಲ. ಹುಡುಗಿ ಇಂಗ್ಲೆಂಡಿಗೆ ವಾಪಸ್ ಬಂದಳು.

ಬಂದು ಮಾಡಿದ್ದು 'ಲೇಡಿ ಮ್ಯಾಕ್‌ಬೆತ್'. ಹೆಸರು ನೋಡಿ ಷೇಕ್ಸ್‌ಪಿಯರ್ ನಾಟಕ ಅಂದುಕೊಳ್ಳಬೇಡಿ, ಇದು ರಷ್ಯಾದ ಲೆಸ್ಕೋವ್ 1865ರಲ್ಲಿ ಬರೆದ ಕತೆ, ಅದನ್ನು ಉತ್ತರ ಇಂಗ್ಲೆಂಡಿಗೆ ತಂದು ಕೂರಿಸಿದ್ದಾರೆ. ನಿರ್ದೇಶಕ ವಿಲಿಯಂ ಓಲ್ಡ್‌ರಾಯ್ಡ್ ಅವರಿಗೆ ಇದು ಮೊದಲ ದೊಡ್ಡ ಸಿನಿಮಾ. ದುಡ್ಡು ಕಮ್ಮಿ, ಬರೀ 24 ದಿನದಲ್ಲಿ ಚಿತ್ರೀಕರಣ ಮುಗಿಸಿದ್ದಾರೆ. ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ಹಲಗೆ ನೆಲದ ಮೇಲೆ ನಡೆಯುವ ಸದ್ದು, ಕಿಟಕಿ ಬಾಗಿಲು ತೆಗೆಯುವ ಸದ್ದು, ಹೊರಗೆ ಗಾಳಿ. ಜಮೀನಿನ ಜೊತೆ ಲೆಕ್ಕಕ್ಕೆ ಹಾಕಿ ಕೊಂಡು ತಂದ ಸೊಸೆ ಕ್ಯಾಥರೀನ್ ಪಾತ್ರ ಫ್ಲಾರೆನ್ಸ್‌ದು. ಕೆಲಸದ ಹುಡುಗಿ ಬೆಳಿಗ್ಗೆ ಬಂದು ಸಿಕ್ಕುಗಟ್ಟಿದ ತಲೆ ಬಾಚುತ್ತಾಳೆ, ಸೊಂಟದ ಬಿಗಿ ಕವಚದ ದಾರವನ್ನು ಹಿಂದಿನಿಂದ ಜಗ್ಗಿ ಜಗ್ಗಿ ಕಟ್ಟುತ್ತಾಳೆ. ಆಮೇಲೆ ಮಾಡಲಿಕ್ಕೆ ಏನೂ ಇಲ್ಲ. ಅಗಲವಾದ ನೀಲಿ ಗೌನು ಹರಡಿಕೊಂಡು ಸೋಫಾ ಮಧ್ಯ ಕೂರುತ್ತಾಳೆ. ತೂಕಡಿಕೆ ಬರುತ್ತದೆ, ತಲೆ ವಾಲುತ್ತದೆ, ಮತ್ತೆ ಸರಕ್ಕನೆ ಎದ್ದು ನೆಟ್ಟಗೆ ಕೂರುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಅವಳೂ ಅಲ್ಲಾಡುವುದಿಲ್ಲ. ನೋಡುವ ನಮಗೇ ಉಸಿರು ಕಟ್ಟುತ್ತದೆ. ಮುಂದೆ ಅದೇ ಹುಡುಗಿ ಮಾವನಿಗೆ ವಿಷ ಹಾಕುತ್ತಾಳೆ, ಪಕ್ಕದ ಕೋಣೆಯಲ್ಲಿ ಆತ ಒದ್ದಾಡುತ್ತಿರುವಾಗ ಮೇಜಿನ ಮುಂದೆ ಕೂತು ಕೆಲಸದವಳ ಜೊತೆ ಲೋಕಾಭಿರಾಮ ಮಾತಾಡುತ್ತಾಳೆ. ಇಳಿಸು ಅಂತ ಹೇಳಿಸಿಕೊಂಡ ಅದೇ ದುಂಡು ಮುಖ. ಅದರಲ್ಲಿ ಅವಳು ತಂದದ್ದು ಇಷ್ಟನ್ನು. ಈ ಸಿನಿಮಾ ಮಾಡಿದ ಮೇಲೆ ತನಗೆ ಮತ್ತೆ ಸಿನಿಮಾ ಮೇಲೆ ಪ್ರೀತಿ ಹುಟ್ಟಿತು ಅಂತ ಅವಳು ಹೇಳಿದ್ದಾಳೆ. ಅದು 2016ರಲ್ಲಿ ಟೊರಾಂಟೊ ಚಿತ್ರೋತ್ಸವಕ್ಕೆ ಹೋಯಿತು, 2017ರಲ್ಲಿ ಬ್ರಿಟಿಷ್ ಸ್ವತಂತ್ರ ಚಿತ್ರ ಪ್ರಶಸ್ತಿಗಳಲ್ಲಿ ಅವಳಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತು. ನಿಮ್ಮ ಅರ್ಧ ಪುಟದಲ್ಲಿ ಈ ಸಿನಿಮಾದ ಹೆಸರೇ ಇಲ್ಲ.

2018ರಲ್ಲಿ ಷೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ಟಿವಿ ಸಿನಿಮಾದಲ್ಲಿ ಹಿರಿಯ ನಟ ಆ್ಯಂಟನಿ ಹಾಪ್‌ಕಿನ್ಸ್ ರಾಜ ಲಿಯರ್ ಆದಾಗ ಇವಳು ಅವನ ಕಿರಿಯ ಮಗಳು ಕಾರ್ಡೀಲಿಯ. 2019 ಒಂದೇ ವರ್ಷದಲ್ಲಿ ಮೂರು ಸಿನಿಮಾ ತೆರೆಗೆ ಬಂದವು. ಒಂದರಲ್ಲಿ ಕುಸ್ತಿಪಟು, 'ಮಿಡ್‌ಸೊಮ್ಮಾರ್'ನಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗಿ, 'ಲಿಟಲ್ ವಿಮೆನ್'ನಲ್ಲಿ ನಾಲ್ವರು ಅಕ್ಕತಂಗಿಯರ ಪೈಕಿ ಕಿರಿಯವಳು ಏಮಿ. ಆ ಏಮಿ ಒಬ್ಬಳೇ ಸಾಕು, ಶಾಲೆಗೆ ಹೋಗುವ ಹಟಮಾರಿ ಹುಡುಗಿಯೂ ಅವಳೇ, ಹೆಣ್ಣಿಗೆ ಮದುವೆ ಅಂದರೆ ದುಡ್ಡಿನ ವ್ಯವಹಾರ ಅಂತ ನೇರವಾಗಿ ಹೇಳುವ ಯುವತಿಯೂ ಅವಳೇ. ಅದಕ್ಕೆ ಆಸ್ಕರ್ ನಾಮನಿರ್ದೇಶನ ಬಂದಾಗ ಅವಳಿಗೆ 24 ವರ್ಷ.

ಇದನ್ನೆಲ್ಲ ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಳೆದ ವರ್ಷ ನನ್ನ ಮಗಳನ್ನು ಒಂದು ಧಾರಾವಾಹಿಯ ಆಡಿಷನ್‌ಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಕಾಲೇಜು ನಾಟಕಗಳಲ್ಲಿ ಮೂರು ವರ್ಷ ಮಾಡಿದವಳು. ಎರಡು ಪುಟದ ಮಾತು ಬಾಯಿಪಾಠ ಮಾಡಿಕೊಂಡಿದ್ದಳು. ಎದೆಗೆ ನಂಬರಿನ ಚೀಟಿ ಹಚ್ಚಿಕೊಂಡು ಮಧ್ಯಾಹ್ನದವರೆಗೆ ಕಾದೆವು. ಒಳಗೆ ಹೋದವಳು ಒಂದೇ ನಿಮಿಷಕ್ಕೆ ಹೊರಗೆ ಬಂದಳು. ಮೇಲಿಂದ ಕೆಳಗೆ ನೋಡಿ 'ಕೆನ್ನೆ ಸ್ವಲ್ಪ ಇಳಿಸ್ಕೊಂಡು ಬಾಮ್ಮಾ' ಅಂದರಂತೆ. ಒಂದು ಮಾತನ್ನೂ ಹೇಳಿಸಲಿಲ್ಲ. ವಾಪಸ್ ಬರುವಾಗ ಬಸ್ಸು ತುಮಕೂರು ದಾಟಿ, ತಿಪಟೂರು ದಾಟಿದರೂ ಅವಳು ಬಾಯಿ ಬಿಡಲಿಲ್ಲ. ಆಮೇಲೆ ಹದಿನೈದು ದಿನ ರಾತ್ರಿ ಊಟ ಬಿಟ್ಟಳು. ಹೇಳಿ ಹೇಳಿ ನನಗೂ ಸಾಕಾಯಿತು. ಆಗ ಈ ಫ್ಲಾರೆನ್ಸ್ ವಿಷಯ ಎಲ್ಲೋ ಓದಿ, ರಾತ್ರಿ ಊಟದ ಹೊತ್ತಿಗೆ 'ಲೇಡಿ ಮ್ಯಾಕ್‌ಬೆತ್' ಹಾಕಿದೆ. ಸೋಫಾ ಮೇಲೆ ಕೂತ ದೃಶ್ಯ ಬಂದಾಗ ಮಗಳು ಮೆಲ್ಲಗೆ 'ಅಮ್ಮಾ, ಇವಳ ಕೆನ್ನೇನೂ ನನ್ನ ಥರಾನೇ ಇದೆ ಅಲ್ವಾ' ಅಂದಳು. ಅವತ್ತು ಅನ್ನ ಸಾರು ಹಾಕಿಸಿಕೊಂಡು ತಿಂದಳು.

ಭಾನುವಾರ ನಿಮ್ಮ ಪತ್ರಿಕೆಯನ್ನು ನನಗಿಂತ ಮೊದಲು ತೆಗೆದದ್ದೂ ಅವಳೇ. ಓದಿ, ಮಡಚಿ, ಏನೂ ಹೇಳದೆ ಒಳಗೆ ಹೋದಳು.

ಆ ಸಾಲು ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ, ಹೊಗಳಬೇಕು ಅಂತಲೇ ಬರೆದಿರಬಹುದು. ಆದರೂ ದಪ್ಪಗಿದ್ದ'ರೂ' ಅನ್ನುವಲ್ಲಿನ ಆ 'ರೂ' ಬೇಡ. ನಮ್ಮ ಕನ್ನಡದ ಹೊಸ ನಟಿಯರ ಬಗ್ಗೆ ಬರೆಯುವಾಗಲೂ ಬೇಡ. ಯಾವ ನಾಟಕದಿಂದ ಬಂದಳು, ಮೊದಲ ಪಾತ್ರ ಯಾವುದು, ಯಾರ ಹತ್ತಿರ ಕಲಿತಳು, ಅದನ್ನು ಕೇಳಿ ಬರೆಸಿ. ಮುಂದಿನ ವಾರ ಜಾಗ ಇದ್ದರೆ 'ದಿ ಫಾಲಿಂಗ್' ಮತ್ತು 'ಲೇಡಿ ಮ್ಯಾಕ್‌ಬೆತ್' ಬಗ್ಗೆ ಅರ್ಧ ಕಾಲಂ ಆದರೂ ಕೊಡಿ. ಚಿತ್ರ ಹಾಕುವುದಾದರೆ ಆ ನೀಲಿ ಗೌನಿನದ್ದು ಹಾಕಿ, ಮುಖ ಚೆನ್ನಾಗಿ ಕಾಣುವ ಹಾಗೆ ದೊಡ್ಡದಾಗಿ.

ಇಂತಿ ನಿಮ್ಮ ಓದುಗಿ,
ಶಿವಮೊಗ್ಗ