ಭದ್ರಾ ಹಿನ್ನೀರಿನ ಗಾಳದ ದಾರದ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಚಿಕ್ಕಮಗಳೂರು ಜಿಲ್ಲೆ.

ಮಾನ್ಯರೇ,

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಗಾಳ ಹಾಕುವವರು ಬಿಟ್ಟುಹೋಗುವ ನೈಲಾನ್ ದಾರ, ಹರಿದ ಬಲೆಯ ತುಂಡುಗಳು, ಬಾಟಲಿ, ತಟ್ಟೆ, ಲೋಟಗಳನ್ನು ಸುತ್ತಲಿನ ಊರುಗಳ ನಾವು ಕೆಲವರು ಮೂರು ಬೇಸಿಗೆಗಳಿಂದ ಹೆಕ್ಕುತ್ತಾ ಬಂದಿದ್ದೇವೆ. ಈ ಕೆಲಸಕ್ಕೆ ಜಿಲ್ಲಾಡಳಿತದ ನೆರವನ್ನು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನೆರವು ಸಿಗುವುದು ಎಷ್ಟು ಮುಖ್ಯವೋ ಅದು ಸರಿಯಾದ ಕಾಲಕ್ಕೆ ಸಿಗುವುದೂ ಅಷ್ಟೇ ಮುಖ್ಯ. ಕಾಲ ತಪ್ಪಿದ ಸ್ವಚ್ಛತೆಯಿಂದ ಹಿನ್ನೀರಿನ ಹಕ್ಕಿಗಳಿಗೆ ಕೇಡೇ ಆಗುತ್ತದೆ.

ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಒಣಗಿದ ಬೊಡ್ಡೆಗಳು ಇಂದಿಗೂ ನೀರಿನಲ್ಲಿ ನಿಂತಿರುವುದನ್ನು ತಾವು ಕಂಡಿರಬಹುದು. ನೀರು ತುಂಬಿದ ತಿಂಗಳುಗಳಲ್ಲಿ ಎಸೆದ ಗಾಳ ಇವುಗಳಿಗೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಬಾರದು, ಹಾಕಿದವರು ದಾರವನ್ನು ಕತ್ತರಿಸಿ ಹೋಗುತ್ತಾರೆ. ನೀರು ಇಳಿದಾಗ ಆ ದಾರ ಬೊಡ್ಡೆಯಿಂದ ಬೊಡ್ಡೆಗೆ ಕಣ್ಣಿಗೆ ಕಾಣದ ಉರುಲಾಗಿ ಉಳಿದಿರುತ್ತದೆ. ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಅದು ಕೊಳೆಯುವುದಿಲ್ಲ. ಕಳೆದ ಮಾರ್ಚ್‌ನಲ್ಲಿ ಒಂದು ನೀರುಕಾಗೆ ರೆಕ್ಕೆಗೆ ದಾರ ಸುತ್ತಿಕೊಂಡು ಬೊಡ್ಡೆಯೊಂದಕ್ಕೆ ತಲೆಕೆಳಗಾಗಿ ನೇತಾಡುತ್ತಿರುವುದನ್ನು ದಡದಿಂದ ಕಂಡೆವು. ಊರಿನ ಮೀನುಗಾರರೊಬ್ಬರು ತೆಪ್ಪದಲ್ಲಿ ಹೋಗಿ ಅದನ್ನು ಬಿಡಿಸಿ ತಂದರು. ದಾರ ಮೂಳೆಯವರೆಗೂ ಇಳಿದಿತ್ತು; ಹಕ್ಕಿ ಸಂಜೆಯೊಳಗೆ ಸತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದಿದ್ದ ನನ್ನ ಮಗಳು ಅಂದಿನಿಂದ ಒಂದು ಭಾನುವಾರದ ಹೆಕ್ಕುವ ಕೆಲಸವನ್ನೂ ತಪ್ಪಿಸಿಲ್ಲ.

ಈಗ ಕಾಲದ ವಿಚಾರಕ್ಕೆ ಬರುತ್ತೇನೆ. ರಿವರ್ ಟರ್ನ್ ಎಂದು ಪ್ರವಾಸಿಗರಿಗೆ ಪರಿಚಿತವಾದ ನದಿ ರೀವ ಹಕ್ಕಿಗಳು ಪ್ರತಿ ಬೇಸಿಗೆಯಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ಜಾಗತಿಕವಾಗಿ ಅಳಿವಿನ ಅಪಾಯ ಎದುರಿಸುತ್ತಿರುವ ಹಕ್ಕಿಗಳ ಪಟ್ಟಿಯಲ್ಲಿರುವ ಇವು ಗೂಡು ಕಟ್ಟುವುದಿಲ್ಲ. ನೀರು ಇಳಿದಂತೆ ತಲೆಯೆತ್ತುವ ನಡುಗಡ್ಡೆಗಳ ಬರಿಯ ನೆಲದ ಮೇಲೆ, ಕಲ್ಲು ಮರಳಿನ ಬಣ್ಣದ್ದೇ ಆದ ಮೊಟ್ಟೆಗಳನ್ನಿಡುತ್ತವೆ. ಅಲ್ಲಿ ಕಾಲಿಟ್ಟವರು ಮೊಟ್ಟೆಯನ್ನು ತುಳಿದದ್ದು ತಮಗೇ ತಿಳಿಯುವುದಿಲ್ಲ. ತುಳಿಯದಿದ್ದರೂ, ಬೆದರಿದ ತಾಯಿಹಕ್ಕಿ ಅರ್ಧ ಗಂಟೆ ಮೇಲೆದ್ದರೆ ಮೊಟ್ಟೆ ಏಪ್ರಿಲ್ ಬಿಸಿಲಿಗೆ ಬೆಂದುಹೋಗುತ್ತದೆ, ಇಲ್ಲವೇ ಕಾಗೆ ಹದ್ದುಗಳ ಪಾಲಾಗುತ್ತದೆ. ಮೇಲಿನಿಂದ ನೇರವಾಗಿ ನೀರಿಗೆ ಎರಗಿ ಮೀನು ಹಿಡಿಯುವ ಈ ಹಕ್ಕಿಗೆ ಬೊಡ್ಡೆಗಳ ನಡುವಿನ ದಾರ ಎಷ್ಟು ಅಪಾಯವೋ, ಆ ದಾರ ತೆಗೆಯಲು ಉತ್ಸಾಹದಿಂದ ನಡುಗಡ್ಡೆಗೆ ಇಳಿಯುವ ನೂರು ಮಂದಿಯೂ ಅಷ್ಟೇ ಅಪಾಯ.

ಸಾಮಾನ್ಯವಾಗಿ ಸ್ವಚ್ಛತಾ ಕಾರ್ಯಕ್ರಮಗಳು ನಡೆಯುವುದು ಅಕ್ಟೋಬರ್ 2ರಂದು ಅಥವಾ ಜೂನ್ 5ರಂದು. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ಜಲಾಶಯ ತುಂಬಿರುತ್ತದೆ, ತೆಗೆಯಬೇಕಾದ ದಾರವೆಲ್ಲ ನೀರಿನಡಿಯಲ್ಲಿರುತ್ತದೆ. ಜೂನ್ ಹೊತ್ತಿಗೆ ಆ ವರ್ಷ ಸಾಯಬೇಕಾದ ಹಕ್ಕಿಗಳು ಸತ್ತಾಗಿರುತ್ತವೆ. ಆದ್ದರಿಂದ ದಡದ ಕೆಲಸ ಜನವರಿಯಲ್ಲಿ, ನಾಲೆಗೆ ನೀರು ಬಿಟ್ಟು ಮಟ್ಟ ಇಳಿಯತೊಡಗಿದಾಗ ಆರಂಭವಾಗಿ, ನೀರು ಹಿಂದೆ ಸರಿದಂತೆಲ್ಲ ಅದರ ಬೆನ್ನಿಗೇ ಸಾಗಬೇಕು. ನಡುಗಡ್ಡೆಗಳಿಗೆ ಮಾತ್ರ ಫೆಬ್ರವರಿಯಿಂದ ಮರಿಗಳು ಹಾರಿಹೋಗುವ ತನಕ ಯಾರೂ ಕಾಲಿಡಬಾರದು. ಅಲ್ಲಿನ ಕಸವನ್ನು ಮುಂಗಾರಿನ ನೀರು ಏರುವ ಮುನ್ನ ಅರಣ್ಯ ಇಲಾಖೆಯ ಸಿಬ್ಬಂದಿಯೇ ತೆಗೆಯುವುದು ಸರಿ. ಹಿನ್ನೀರಿನ ಬಹುಪಾಲು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡಿರುವುದರಿಂದ ನಾವು ಇದುವರೆಗೆ ಅದರ ಗಡಿಯ ಹೊರಗಿನ ದಡದಲ್ಲಷ್ಟೇ ಕೆಲಸ ಮಾಡಿದ್ದೇವೆ. ಮುಂದೆಯೂ ಅನುಮತಿಯಿಲ್ಲದೆ ಒಳಗೆ ಹೋಗುವುದಿಲ್ಲ.

ಇಲ್ಲಿ ಮೀನುಗಾರರ ಪರವಾಗಿ ಒಂದು ಮಾತು ಹೇಳಲೇಬೇಕು. ಬಲೆಯೇ ಬದುಕಾದವರು ಬಲೆಯನ್ನು ಸುಮ್ಮನೆ ಬಿಸಾಡುವುದಿಲ್ಲ. ಹರಿದದ್ದನ್ನು ರಾತ್ರಿ ಕುಳಿತು ಹೆಣೆದು ಮತ್ತೆ ನೀರಿಗಿಳಿಸುತ್ತಾರೆ. ನಾವು ಹೆಕ್ಕಿದ ದಾರದಲ್ಲಿ ಹೆಚ್ಚಿನದು ರಜೆಯ ದಿನ ಹೊತ್ತು ಕಳೆಯಲು ಬರುವವರದು. ಯಾವ ಬೊಡ್ಡೆಗೆ ಏನು ಸಿಕ್ಕಿಕೊಂಡಿದೆ ಎಂಬುದು ತೆಪ್ಪದವರಿಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿಲ್ಲ. ಬೊಡ್ಡೆಗಳ ದಾರ ಬಿಡಿಸುವ ಕೆಲಸವನ್ನು ಅವರಿಗೇ ವಹಿಸಿ, ದಿನಗೂಲಿಯನ್ನೂ ಕೊಡಿಸಬೇಕೆಂದು ಕೋರುತ್ತೇನೆ. ಒಂದು ದಿನದ ದುಡಿಮೆ ಬಿಟ್ಟು ಬಂದವರನ್ನು ಶ್ರಮದಾನದ ಹೆಸರಿನಲ್ಲಿ ಬರಿಗೈಯಲ್ಲಿ ಕಳುಹಿಸುವುದು ನ್ಯಾಯವಲ್ಲ.

ಹೆಕ್ಕಿದ್ದನ್ನು ಎಲ್ಲಿಗೆ ಕೊಡಬೇಕು ಎಂಬುದು ಇನ್ನೂ ಬಗೆಹರಿದಿಲ್ಲ. ಕಳೆದ ವರ್ಷ ಎರಡು ಗೋಣಿಚೀಲ ದಾರವನ್ನು ಹೊತ್ತು ಕಚೇರಿಯಿಂದ ಕಚೇರಿಗೆ ಅಲೆದೆವು. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದೇ ಉತ್ತರ ಎಲ್ಲೆಡೆ ಸಿಕ್ಕಿತು. ಆ ಚೀಲಗಳು ಈಗಲೂ ನಮ್ಮ ಕೊಟ್ಟಿಗೆಯಲ್ಲಿವೆ. ಸುಟ್ಟರೆ ವಿಷದ ಹೊಗೆ, ಹಾಗೆಯೇ ತಿಪ್ಪೆಗೆ ಹಾಕಿದರೆ ಮೇಯುವ ದನದ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೊಕ್ಕೆ ಮತ್ತು ಸೀಸದ ಗುಂಡುಗಳನ್ನು ತೆಗೆದು, ದಾರವನ್ನು ಗೇಣುದ್ದಕ್ಕೆ ಕತ್ತರಿಸಿ ಕೊಡಲು ನಾವು ಸಿದ್ಧರಿದ್ದೇವೆ. ಗ್ರಾಮ ಪಂಚಾಯಿತಿಗಳ ಒಣಕಸ ಘಟಕಗಳು ಅದನ್ನು ಪ್ರತ್ಯೇಕವಾಗಿ ಪಡೆದುಕೊಳ್ಳುವಂತೆ ತಾವು ಸೂಚನೆ ನೀಡಿದರೆ ಸಾಕು.

ಅಮೆರಿಕದ ಫ್ಲೋರಿಡಾದಲ್ಲಿ ಗಾಳ ಹಾಕುವ ಕಟ್ಟೆಗಳ ಬಳಿ ಪಿವಿಸಿ ಪೈಪಿನ ಪೆಟ್ಟಿಗೆಗಳನ್ನು ನಿಲ್ಲಿಸಿದ್ದಾರೆ. ನೆಟ್ಟಗೆ ನಿಂತ ಪೈಪಿನ ಮೇಲ್ತುದಿಗೆ ಒಂದು ಬಾಗಿದ ಎಲ್ಬೋ, ಅದರ ಬಾಯಿಯಲ್ಲಿ ಹಳೆಯ ದಾರ ಹಾಕುವುದು, ಅಷ್ಟೇ. ನಮ್ಮೂರಿನ ಕೊಳಾಯಿ ಕೆಲಸದವರು ಒಂದು ಮಧ್ಯಾಹ್ನದಲ್ಲಿ ಹತ್ತು ಮಾಡಿಕೊಡಬಲ್ಲರು. ಪೈಪಿನ ಖರ್ಚನ್ನು ನಾವೇ ಭರಿಸುತ್ತೇವೆ. ದಡದಲ್ಲಿ ನೆಡಲು ಅನುಮತಿ ಮಾತ್ರ ಬೇಕು.

ಅರಣ್ಯ, ಮೀನುಗಾರಿಕೆ, ನೀರಾವರಿ ಮತ್ತು ಪಂಚಾಯಿತಿ ಅಧಿಕಾರಿಗಳನ್ನು ಡಿಸೆಂಬರ್ ಒಳಗೆ ಒಮ್ಮೆ ತಾವು ಒಂದೇ ಮೇಜಿನ ಸುತ್ತ ಕೂರಿಸಿದರೆ, ಮೀನುಗಾರರಿಬ್ಬರನ್ನು ಕರೆದುಕೊಂಡು ನಾವು ಆ ಸಭೆಗೆ ಬರುತ್ತೇವೆ. ಕೊಟ್ಟಿಗೆಯಲ್ಲಿರುವ ಆ ಎರಡು ಚೀಲಗಳನ್ನೂ ಜೊತೆಗೆ ತರುತ್ತೇವೆ.

ಇಂತಿ ವಂದನೆಗಳೊಂದಿಗೆ,
ಲಕ್ಕವಳ್ಳಿ ಹೋಬಳಿಯ ಒಬ್ಬ ನಿವಾಸಿ,
ತರೀಕೆರೆ ತಾಲ್ಲೂಕು