ಮುಖ ಬರೆಯುವ ಮುನ್ನ

ಪ್ರೀತಿಯ ತಮ್ಮ,

ನಿನ್ನ ಕಾದಂಬರಿಯಲ್ಲಿ ಹೊಸ ಪಾತ್ರ ಬಂದಾಗಲೆಲ್ಲ ಹಣೆಯಿಂದ ಶುರುಮಾಡಿ ಗಲ್ಲದವರೆಗೆ ಇಳಿಯುತ್ತೀಯ. ಒಂದೊಂದು ವಾಕ್ಯವೂ ಚೆನ್ನಾಗಿದೆ. ಆದರೆ ಮುಖ ಮಾತ್ರ ಕಣ್ಣಿಗೆ ಕಟ್ಟುವುದಿಲ್ಲ. ಇದು ನಿನ್ನ ಭಾಷೆಯ ಕೊರತೆಯಲ್ಲ, ನಾವು ಯಾರೂ ಮುಖವನ್ನು ಹಾಗೆ ನೋಡುವುದಿಲ್ಲ.

ಮನಸ್ಸು ಮುಖವನ್ನು ಇಡಿಯಾಗಿ ಹಿಡಿಯುತ್ತದೆ. 1987ರಲ್ಲಿ ಮನೋವಿಜ್ಞಾನಿ ಆಂಡ್ರ್ಯೂ ಯಂಗ್ ಮತ್ತು ಸಂಗಡಿಗರು ಒಬ್ಬ ಪ್ರಸಿದ್ಧರ ಮುಖದ ಮೇಲರ್ಧಕ್ಕೆ ಇನ್ನೊಬ್ಬರ ಕೆಳಗಿನರ್ಧ ಜೋಡಿಸಿ ತೋರಿಸಿದರು. ಮೇಲಿರುವುದು ಯಾರೆಂದು ಹೇಳಲು ಜನ ತಡವರಿಸಿದರು. ಒಂದರ್ಧವನ್ನು ತುಸು ಪಕ್ಕಕ್ಕೆ ಸರಿಸಿದರೆ ಬೇಗ ಹೇಳಿದರು. ಕೂಡಿಕೊಂಡಾಗ ಎರಡೂ ಬೆರೆತು ಮೂರನೆಯ ಮುಖವೇ ಹುಟ್ಟುತ್ತದೆ, ಬೇಡವೆಂದರೂ ನಮಗೆ ಕಾಣುವುದು ಅದೇ. ಹೀಗಿರುವಾಗ ಹತ್ತು ಅಂಗಗಳ ವಿವರ ಕೊಟ್ಟರೆ ಓದುಗನ ಬಳಿ ಹತ್ತು ಚೂರುಗಳು ಉಳಿಯುತ್ತವೆ, ಅಷ್ಟೆ.

ಇನ್ನೂ ವಿಚಿತ್ರವಾದದ್ದಿದೆ. 1990ರಲ್ಲಿ ಜೊನಾಥನ್ ಸ್ಕೂಲರ್ ಮತ್ತು ಸಹಸಂಶೋಧಕಿ ಬ್ಯಾಂಕ್ ದರೋಡೆಯ ವಿಡಿಯೋ ತೋರಿಸಿ, ಕೆಲವರಿಗೆ ಮಾತ್ರ ದರೋಡೆಕೋರನ ಮುಖವನ್ನು ಬರೆದು ವಿವರಿಸಲು ಹೇಳಿದರು. ಆಮೇಲೆ ಫೋಟೊಗಳ ಸಾಲಿನಲ್ಲಿ ಅವನನ್ನು ಗುರುತಿಸುವಾಗ ಹೆಚ್ಚು ಸೋತದ್ದು ಬರೆದವರೇ! ಮುಂದೆ ಹಲವು ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿದಾಗಲೂ ಈ ಪರಿಣಾಮ ಕಂಡಿತು. ನೋಡಿದ ಕೂಡಲೇ ಬರೆದರೆ ಕಡಿಮೆ, ಸುಮಾರು 20 ನಿಮಿಷ ಬಿಟ್ಟು ಬರೆದರೆ ಹೆಚ್ಚು. ನಿನ್ನ ಕತೆಯ ಸಾಕ್ಷಿ ಠಾಣೆಯಲ್ಲಿ ಕೂತು ಉದ್ದುದ್ದ ವರ್ಣನೆ ಕೊಡುತ್ತಾಳಲ್ಲ, ಆಮೇಲೆ ಅವಳು ತಪ್ಪು ಮನುಷ್ಯನತ್ತ ಬೆರಳು ತೋರಿಸಿದರೆ ಯಾರೂ ಅಸಹಜ ಎನ್ನಲಾರರು.

ಹಾಗಾದರೆ ಏನು ಬರೆಯಬೇಕು? ಎಲ್ಲರ ಮುಖಕ್ಕಿಂತ ಇದು ಎಲ್ಲಿ ಬೇರೆಯಾಗಿದೆಯೋ ಆ ಒಂದು ಜಾಗ, ಮತ್ತು ಅದು ಅಲುಗುವ ರೀತಿ. ಸರಾಸರಿಯಿಂದ ದೂರವಿರುವ ಮುಖವೇ ನೆನಪಿನಲ್ಲಿ ಬೇಗ ಕೂರುತ್ತದೆ. ಕಣ್ಣಿಗೆ ನೀನು ಮೂರು ಉಪಮೆ ಸುರಿದಿದ್ದೀಯ, ಹುಬ್ಬಿಗೆ ಒಂದು ಪದವೂ ಇಲ್ಲ. 2003ರ ಒಂದು ಪ್ರಯೋಗದಲ್ಲಿ ಪ್ರಸಿದ್ಧರ ಫೋಟೊಗಳಿಂದ ಕಣ್ಣು ಅಳಿಸಿದ್ದಕ್ಕಿಂತ ಹುಬ್ಬು ಅಳಿಸಿದಾಗಲೇ ಜನ ಹೆಚ್ಚು ತಪ್ಪಿದರು. ‘ಮಾತು ಮುಗಿದ ಮೇಲೂ ಅವನ ಎಡಹುಬ್ಬು ಇಳಿಯಲಿಲ್ಲ’ ಎಂದು ಬರೆದು ನೋಡು, ಉಳಿದ ಮುಖವನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ.

ಯಾರ ಕಣ್ಣಿನಿಂದ ನೋಡುತ್ತಿದ್ದೀಯ ಎಂಬುದೂ ಮುಖ್ಯ. ಅಪರಿಚಿತರಲ್ಲಿ ನಾವು ಹೆಚ್ಚು ನೆಚ್ಚುವುದು ಕೂದಲು, ತಲೆಯ ಆಕಾರ, ಮುಖದ ಅಂಚನ್ನು. ಪರಿಚಯ ಬಲಿತಂತೆ ಗಮನ ಒಳಕ್ಕೆ, ಕಣ್ಣು ಮೂಗು ಬಾಯಿಗಳ ಸುತ್ತ ಸರಿಯುತ್ತದೆ. ಕೂದಲು ಬೋಳಿಸಿಕೊಂಡ ನಾಯಕ ಒಮ್ಮೆ ಕಂಡ ಕಂಡಕ್ಟರನನ್ನು ಏಮಾರಿಸಬಹುದು, ಹೆಂಡತಿಯನ್ನಲ್ಲ. ಅಪರಿಚಿತರ ವಿಷಯದಲ್ಲಿ ನಾವು ಎಷ್ಟು ದುರ್ಬಲರು ಗೊತ್ತೇ? 2011ರಲ್ಲಿ ರಾಬ್ ಜೆಂಕಿನ್ಸ್ ತಂಡ ಇಬ್ಬರೇ ವ್ಯಕ್ತಿಗಳ 40 ಫೋಟೊ ಕೊಟ್ಟು, ಒಬ್ಬೊಬ್ಬರದನ್ನು ಒಂದೊಂದು ಗುಂಪಾಗಿ ಬೇರೆ ಮಾಡಿ ಎಂದಿತು. ಅವರನ್ನು ಅರಿಯದವರು ಸರಾಸರಿ ಏಳಕ್ಕೂ ಹೆಚ್ಚು ಗುಂಪು ಮಾಡಿದರು! ಬೆಳಕು, ಕೋನ, ನಗು ಬದಲಾದರೆ ಸಾಕು, ಒಬ್ಬನೇ ಹಲವರಾಗುತ್ತಾನೆ.

ಮುಖಗುರುಡಿರುವ, ಅಂದರೆ ಮುಖ ನೋಡಿ ಯಾರೆಂದು ಗುರುತಿಸಲಾಗದ, ಪಾತ್ರಕ್ಕೆ ಎಲ್ಲ ಮುಖಗಳೂ ಮಸುಕಾಗಿ ಕಾಣುತ್ತವೆ ಎಂದು ಬರೆದಿದ್ದೀಯ. ಅದು ಹಾಗಲ್ಲ. ಅವಳಿಗೆ ಕಣ್ಣು ಮೂಗು ಸ್ಪಷ್ಟ, ಕೋಪವೋ ನಗುವೋ ಎಂಬುದೂ ಹಲವು ಬಾರಿ ತಿಳಿಯುತ್ತದೆ. ಯಾರೆಂಬುದಷ್ಟೇ ಸಿಗದು. ದನಿ, ನಡಿಗೆ, ಕೂದಲು, ಭೇಟಿಯಾದ ಜಾಗ, ಇವೇ ಅವಳ ಆಸರೆ. ಗೆಳತಿ ಕ್ರಾಪ್ ಮಾಡಿಸಿಕೊಂಡು ಮಾತಾಡದೆ ಎದುರು ನಿಂತ ಗಳಿಗೆಯನ್ನು ಬರೆ, ಕಷ್ಟ ಅಲ್ಲಿದೆ.

ಕೊನೆಯದಾಗಿ, ಇಪ್ಪತ್ತು ವರ್ಷದ ಬಳಿಕ ರೈಲಿನಲ್ಲಿ ಗೆಳೆಯರು ಎದುರಾಗುವ ದೃಶ್ಯ. ಅಲ್ಲಿ ಮೊದಲು ಹೆಸರು ಹೊಳೆದು, ಆಮೇಲೆ ‘ಎಲ್ಲಿ ನೋಡಿದ್ದು?’ ಎಂದು ಯೋಚಿಸುತ್ತಾನೆ. ನಿಜದಲ್ಲಿ ಇದು ತಿರುಗುಮುರುಗು: ಮೊದಲು ಕಂಡ ಮುಖವೆಂಬ ಭಾವ, ಆಮೇಲೆ ಯಾರು ಏನು ಎಂಬ ವಿವರ, ಹೆಸರು ಎಲ್ಲಕ್ಕಿಂತ ಕೊನೆ. 1985ರ ಅಧ್ಯಯನವೊಂದಕ್ಕಾಗಿ 22 ಮಂದಿ ತಮ್ಮ ಗುರುತಿನ ಎಡವಟ್ಟುಗಳನ್ನು ದಿನಚರಿಯಲ್ಲಿ ಬರೆದಿಟ್ಟರು. ಆಸಾಮಿ ಗೊತ್ತು, ಹೆಸರು ಬಾರದು ಎಂಬುದು ಬೇಕಾದಷ್ಟಿತ್ತು, ಹೆಸರು ಬಂದು ಆಸಾಮಿ ಯಾರೆಂದು ತಿಳಿಯದ್ದು ಒಂದೂ ಇರಲಿಲ್ಲ. ಆ ಪುಟವನ್ನು ಈ ಕ್ರಮದಲ್ಲಿ ತಿದ್ದು. ಹೆಸರು ಬರುವ ಮೊದಲು ಒಂದೆರಡು ನಿಲ್ದಾಣ ದಾಟಿದರೂ ಪರವಾಗಿಲ್ಲ.

ಪ್ರೀತಿಯಿಂದ,
ನಿನ್ನ ಅಕ್ಕ